ಮದುವೆಯ ಪೆನ್‌ಡ್ರೈವ್ ಮನೆಯ ಡಿವಿಡಿ ಪ್ಲೇಯರ್‌ನಲ್ಲಿ ಓಡುವುದಿಲ್ಲ ಏಕೆ?

ಕೊಡಗಿನಲ್ಲಿ ಏಪ್ರಿಲ್, ಮೇ ತಿಂಗಳೆಂದರೆ ಮದುವೆಗಳ ಕಾಲ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು, ಸೋಮವಾರಪೇಟೆಯ ಸ್ಟುಡಿಯೋಗಳಲ್ಲಿ ಸಂಕಲನ ಮುಗಿದು ವಿಡಿಯೊ ಮನೆಯವರ ಕೈ ಸೇರುವ ಹೊತ್ತಿಗೆ ಮುಂಗಾರು ಹಿಡಿದಿರುತ್ತದೆ. ಹಿಂದೆ ವಧೂವರರ ಚಿತ್ರ ಮುದ್ರಿಸಿದ ಡಬ್ಬಿಯಲ್ಲಿ ಎರಡು ಮೂರು ಡಿವಿಡಿ ಇಟ್ಟು ಕೊಡುತ್ತಿದ್ದರು. ಈಗ ಬರುವುದು ಪೆನ್‌ಡ್ರೈವ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ತಟ್ಟೆಯೇ ಇಲ್ಲವಾದ್ದರಿಂದ ಡಿಸ್ಕ್ ಬರೆದುಕೊಡುವವರೂ ಕಡಿಮೆಯಾಗುತ್ತಿದ್ದಾರೆ. ಸೋನಿ ಕಂಪನಿಯಂತೂ ಡಿವಿಡಿಯ ನಂತರದ ತಲೆಮಾರಿನ, ಮನೆಯಲ್ಲೇ ಬರೆದುಕೊಳ್ಳಬಹುದಾದ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿಬಿಟ್ಟಿತು.

ಇತ್ತ ತೋಟದ ಮನೆಗಳಲ್ಲಿ ಟಿವಿಯ ಕೆಳಗೆ ಹತ್ತು ಹದಿನೈದು ವರ್ಷ ಹಳೆಯ ಡಿವಿಡಿ ಪ್ಲೇಯರ್ ಇನ್ನೂ ಇದೆ. ಜೋರು ಮಳೆಗೆ ಡಿಶ್‌ನ ಸಂಕೇತ ಕಡಿದುಹೋಗುತ್ತದೆ, ಮೊಬೈಲ್ ನೆಟ್‌ವರ್ಕ್ ಬಂದರೆ ಬಂತು, ಇಲ್ಲವಾದರೆ ಇಲ್ಲ. ಮನೆಯ ಹಿರಿಯರಿಗೆ ರೂಢಿಯಾಗಿರುವುದು ಆ ಪ್ಲೇಯರ್‌ನ ರಿಮೋಟ್ ಒಂದೇ. ಅದರ ಮುಂಭಾಗದಲ್ಲಿ ಯುಎಸ್‌ಬಿ ಕಿಂಡಿಯೂ ಇದೆ. ಪೆನ್‌ಡ್ರೈವ್ ಚುಚ್ಚಿದರೆ ಒಂದೋ ಅದು ಕಾಣುವುದೇ ಇಲ್ಲ, ಇಲ್ಲವೇ ಫೈಲಿನ ಹೆಸರು ಕಂಡರೂ ‘ಅನ್‌ಸಪೋರ್ಟೆಡ್’ ಎಂಬ ಸಂದೇಶ ಬರುತ್ತದೆ. ಅದೇ ಪೆನ್‌ಡ್ರೈವ್ ಮೊಮ್ಮಗನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಓಡುತ್ತದೆ. ಹೀಗಾದಾಗ ಬಹಳ ಮಂದಿ ಪ್ಲೇಯರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ, ಅಥವಾ ಪೆನ್‌ಡ್ರೈವ್ ಸರಿಯಿಲ್ಲವೆಂದು ಅದನ್ನು ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಎರಡನೆಯದರಿಂದ ಮದುವೆಯ ವಿಡಿಯೊವೇ ಅಳಿಸಿಹೋಗುತ್ತದೆ.

ಸಾಮಾನ್ಯವಾಗಿ ಎರಡೂ ಕೆಟ್ಟಿರುವುದಿಲ್ಲ. ವಿಡಿಯೊ ಯಾವ ರೀತಿಯಲ್ಲಿ ಸಿದ್ಧವಾಗಿದೆಯೋ ಆ ರೀತಿಯನ್ನು ಓದಲು ಆ ಪ್ಲೇಯರ್ ತಯಾರಾಗಿಲ್ಲ, ಅಷ್ಟೆ. ಎಲ್ಲಿ ತಡೆಯುಂಟಾಗಿದೆ ಎಂಬುದನ್ನು ಕಂಡುಕೊಂಡರೆ ಮನೆಯಲ್ಲೇ ಸರಿಪಡಿಸಬಹುದು.

ಪ್ಲೇಯರ್ ಒಳಗೆ ನಡೆಯುವುದೇನು

ಡಿವಿಡಿ ಪ್ಲೇಯರ್‌ನಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಒಂದು, ಡಿಸ್ಕನ್ನು ತಿರುಗಿಸಿ ಲೇಸರ್ ಬೆಳಕಿನಿಂದ ಓದುವ ಯಂತ್ರಭಾಗ. ಇನ್ನೊಂದು, ಓದಿದ ಮಾಹಿತಿಯನ್ನು ಚಿತ್ರ ಮತ್ತು ಧ್ವನಿಯಾಗಿ ಬಿಡಿಸುವ ಚಿಪ್. ಯುಎಸ್‌ಬಿಯಿಂದ ವಿಡಿಯೊ ನೋಡುವಾಗ ಮೊದಲ ಭಾಗಕ್ಕೆ ಕೆಲಸವಿಲ್ಲ. ಪೆನ್‌ಡ್ರೈವ್‌ನ ಮಾಹಿತಿ ನೇರವಾಗಿ ಚಿಪ್‌ಗೆ ಹೋಗುತ್ತದೆ.

ಕೊಡಗಿನವರಿಗೆ ಇದು ಉಪಯೋಗಕ್ಕೆ ಬರುವ ವಿಷಯ. ಇಲ್ಲಿನ ಮಳೆಗಾಲದ ತೇವಕ್ಕೆ ಲೇಸರ್‌ನ ಮಸೂರ ಮಂಜಾಗುವುದು, ಡಿಸ್ಕ್‌ನ ಮೇಲೆ ಬೂಷ್ಟು ಹಿಡಿಯುವುದು ಸಾಮಾನ್ಯ. ‘ನೋ ಡಿಸ್ಕ್’ ಎಂದು ತೋರಿಸಿ ಮೂಲೆ ಸೇರಿದ ಪ್ಲೇಯರ್‌ನ ಯುಎಸ್‌ಬಿ ಭಾಗ ಎಷ್ಟೋ ಸಲ ಇನ್ನೂ ಗಟ್ಟಿಯಾಗಿರುತ್ತದೆ. ಎಸೆಯುವ ಮೊದಲು ಅದನ್ನೊಮ್ಮೆ ಪರೀಕ್ಷಿಸಿ.

ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಓಡುವುದಕ್ಕೆ ಕಾರಣ, ಅಲ್ಲಿ ವಿಡಿಯೊ ಬಿಡಿಸುವ ಕೆಲಸವನ್ನು ಸಾಫ್ಟ್‌ವೇರ್ ಮಾಡಬಲ್ಲದು. ಹೊಸ ಬಗೆಯ ವಿಡಿಯೊ ಬಂದರೆ ಹೊಸ ಸಾಫ್ಟ್‌ವೇರ್ ಹಾಕಿಕೊಂಡರಾಯಿತು. ಪ್ಲೇಯರ್‌ನ ಚಿಪ್ ಹಾಗಲ್ಲ. ಯಾವ ಬಗೆಗಳನ್ನು ಬಿಡಿಸಬೇಕೆಂಬುದು ಕಾರ್ಖಾನೆಯಲ್ಲೇ ಅದರ ರಚನೆಯಲ್ಲಿ ನಿಶ್ಚಯವಾಗಿರುತ್ತದೆ. ಕಂಪನಿ ಕೊಡುವ ಫರ್ಮ್‌ವೇರ್ (ಪ್ಲೇಯರ್‌ನೊಳಗಿನ ಸಾಫ್ಟ್‌ವೇರ್) ನವೀಕರಣದಿಂದ ಸಣ್ಣಪುಟ್ಟ ದೋಷಗಳು ಸರಿಹೋಗಬಹುದು, ಆದರೆ ಚಿಪ್‌ನಲ್ಲಿ ಇಲ್ಲದ ಸಾಮರ್ಥ್ಯ ಅದರಿಂದ ಬರುವುದಿಲ್ಲ.

ಚೀಲ ಒಂದು, ಒಳಗಿನ ಕಾಳು ಇನ್ನೊಂದು

ಎಲ್ಲ ಗೊಂದಲದ ಮೂಲ ಇಲ್ಲಿದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಹಳೆಯ ಡಿವಿಡಿಯ ಚಿತ್ರದ ಒಂದು ಚೌಕಟ್ಟಿನಲ್ಲಿ 720 ಅಡ್ಡ, 576 ಉದ್ದ, ಅಂದರೆ ಒಟ್ಟು 4,14,720 ಚುಕ್ಕೆಗಳಿರುತ್ತವೆ. ಸೆಕೆಂಡಿಗೆ ಇಂಥ 25 ಚೌಕಟ್ಟುಗಳು ಓಡುತ್ತವೆ. ಕಣ್ಣಿಗೆ ಗೊತ್ತಾಗದಂತೆ ಬಣ್ಣದ ವಿವರವನ್ನು ಕಡಿತಗೊಳಿಸಿದ ಮೇಲೂ, ಇಷ್ಟನ್ನು ಇದ್ದ ಹಾಗೆಯೇ ಬರೆದಿಡಬೇಕಾದರೆ ಒಂದು ಗಂಟೆಯ ವಿಡಿಯೊಗೆ ಸುಮಾರು 56 ಜಿಬಿ ಜಾಗ ಬೇಕು. ಒಂದು ಪದರದ ಡಿವಿಡಿಯಲ್ಲಿ ಇರುವುದೇ 4.7 ಜಿಬಿ. ಆದ್ದರಿಂದ ವಿಡಿಯೊವನ್ನು ಕುಗ್ಗಿಸುತ್ತಾರೆ. ಮಂಟಪದ ಹಿನ್ನೆಲೆ ಕದಲದೆ ನಿಂತಿದ್ದರೆ ಅದನ್ನು ಪ್ರತಿ ಚೌಕಟ್ಟಿಗೂ ಮತ್ತೆ ಬರೆಯದೆ, ಹಿಂದಿನ ಚೌಕಟ್ಟಿಗಿಂತ ಬದಲಾದದ್ದೇನು ಎಂಬುದನ್ನು ಮಾತ್ರ ಬರೆಯುತ್ತಾರೆ. ಹೀಗೆ ಕುಗ್ಗಿಸುವ ಮತ್ತು ನೋಡುವಾಗ ಬಿಡಿಸುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಚಿತ್ರಕ್ಕೊಂದು ಕೋಡೆಕ್, ಧ್ವನಿಗೊಂದು ಕೋಡೆಕ್.

ಕುಗ್ಗಿಸಿದ ಚಿತ್ರ, ಧ್ವನಿ, ಕೆಲವೊಮ್ಮೆ ಅಡಿಬರಹ ಇವೆಲ್ಲವನ್ನೂ ಒಂದೇ ಫೈಲಿನಲ್ಲಿ ಜೋಡಿಸಿಡುವ ಕಟ್ಟು ಬೇರೆ. ಅದಕ್ಕೆ ಕಂಟೇನರ್ ಎನ್ನುತ್ತಾರೆ. ಫೈಲಿನ ಹೆಸರಿನ ಕೊನೆಗೆ ಕಾಣುವ ಎವಿಐ, ಎಂಪಿ4, ಎಂಕೆವಿ, ವಿಒಬಿ ಮುಂತಾದವು ಕಂಟೇನರ್‌ನ ಹೆಸರುಗಳು, ಕೋಡೆಕ್‌ನವಲ್ಲ.

ತೋಟದಿಂದ ಹೊರಡುವ ಕಾಫಿ ಚೀಲವನ್ನು ನೆನಪಿಸಿಕೊಳ್ಳಿ. ಹೊರಗಿನಿಂದ ಎಲ್ಲವೂ ಗೋಣಿಚೀಲಗಳೇ. ಒಳಗೆ ಅರೇಬಿಕಾ ಪಾರ್ಚ್‌ಮೆಂಟ್ ಇರಬಹುದು, ರೊಬಸ್ಟಾ ಚೆರಿ ಇರಬಹುದು. ಕ್ಯೂರಿಂಗ್ ಘಟಕದಲ್ಲಿ ಯಾವ ಕಾಳನ್ನು ಹೇಗೆ ಸುಲಿಯಬೇಕೆಂಬುದನ್ನು ನಿರ್ಧರಿಸುವುದು ಒಳಗಿರುವ ಕಾಳು, ಚೀಲವಲ್ಲ. ಎಂಪಿ4 ಎಂಬ ಚೀಲದಲ್ಲಿ ಮೂರು ನಾಲ್ಕು ಬಗೆಯ ಕೋಡೆಕ್ ಇರಬಹುದು. ಎವಿಐನಲ್ಲೂ ಹಾಗೆಯೇ. ಎರಡು ಎಂಪಿ4 ಫೈಲುಗಳ ಪೈಕಿ ಒಂದು ಓಡಿ ಇನ್ನೊಂದು ಓಡದಿರುವುದಕ್ಕೆ ಇದೇ ಕಾರಣ. ಹೆಸರಿನ ಕೊನೆಯಲ್ಲಿರುವ ಎಂಪಿ4 ಅಕ್ಷರಗಳನ್ನು ಅಳಿಸಿ ಎವಿಐ ಎಂದು ಬರೆದರೆ ಏನೂ ಆಗುವುದಿಲ್ಲ ಎಂಬುದಕ್ಕೂ ಇದೇ ಕಾರಣ. ಚೀಲದ ಮೇಲಿನ ಬರಹ ಬದಲಾಯಿತು, ಕಾಳು ಅದೇ ಉಳಿಯಿತು.

ಮೂರಕ್ಕೂ ಒಂದೇ ಹೆಸರು

ಪ್ಲೇಯರ್‌ನ ಡಬ್ಬಿಯ ಮೇಲೆ ‘ಎಂಪೆಗ್-4’ ಎಂದು ದೊಡ್ಡದಾಗಿ ಬರೆದಿರುತ್ತದೆ. ಸ್ಟುಡಿಯೋದವರು ಕೊಟ್ಟ ಫೈಲೂ ಎಂಪಿ4. ಆದರೂ ಓಡುವುದಿಲ್ಲ. ಗ್ರಾಹಕರಿಗೆ ಮೋಸ ಮಾಡಿದಂತೆ ತೋರುವ ಈ ಸಂಗತಿಯ ಹಿಂದೆ ಒಂದು ಇತಿಹಾಸವಿದೆ.

ಎಂಪೆಗ್-4 ಎಂಬುದು ಹಲವು ಭಾಗಗಳಿರುವ ಅಂತರರಾಷ್ಟ್ರೀಯ ಮಾನದಂಡ. ಅದರ ಎರಡನೆಯ ಭಾಗ ಒಂದು ವಿಡಿಯೊ ಕೋಡೆಕ್. ಡಿವ್‌ಎಕ್ಸ್, ಎಕ್ಸ್‌ವಿಡ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದದ್ದು ಇದೇ. ಅದೇ ಮಾನದಂಡದ ಹತ್ತನೆಯ ಭಾಗ 2003ರಲ್ಲಿ ಬಂದ ಬೇರೆಯೇ ಕೋಡೆಕ್. ಅದನ್ನು ಎಚ್.264 ಅಥವಾ ಎವಿಸಿ ಎಂದು ಕರೆಯುತ್ತಾರೆ. ಹದಿನಾಲ್ಕನೆಯ ಭಾಗ ಎಂಪಿ4 ಎಂಬ ಕಂಟೇನರ್. ಹೀಗೆ ಮೂರು ಬೇರೆ ಬೇರೆ ವಸ್ತುಗಳು ಒಂದೇ ಹೆಸರಿನಲ್ಲಿ ಓಡಾಡುತ್ತಿವೆ. ಅಗ್ಗದ ಡಿವಿಡಿ ಪ್ಲೇಯರ್‌ನ ಡಬ್ಬಿ ಹೇಳುವ ಎಂಪೆಗ್-4 ಸಾಮಾನ್ಯವಾಗಿ ಎರಡನೆಯ ಭಾಗ ಮಾತ್ರ. ಸ್ಟುಡಿಯೋದ ಫೈಲಿನಲ್ಲಿರುವುದು ಹೆಚ್ಚಾಗಿ ಹತ್ತನೆಯ ಭಾಗ.

ಯಂತ್ರ ಬಂದ ಕಾಲವನ್ನು ನೋಡಿದರೆ ಅದು ಏನನ್ನು ಬಿಡಿಸಬಲ್ಲದು ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ವಿಸಿಡಿಯ ಕಾಲದ್ದು ಎಂಪೆಗ್-1. 1996ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಡಿವಿಡಿಯದು ಎಂಪೆಗ್-2. ಈ ಎರಡನ್ನೂ ಡಿವಿಡಿ ಪ್ಲೇಯರ್‌ಗಳು ಡಿಸ್ಕ್‌ನಿಂದ ಓದುತ್ತವೆ, ಯುಎಸ್‌ಬಿ ಇರುವವುಗಳಲ್ಲಿ ಹೆಚ್ಚಿನವು ಪೆನ್‌ಡ್ರೈವ್‌ನಿಂದಲೂ ಓದುತ್ತವೆ. ಮುಂಭಾಗದಲ್ಲಿ ‘ಡಿವ್‌ಎಕ್ಸ್’ ಎಂಬ ಗುರುತಿದ್ದರೆ ಎವಿಐ ಫೈಲಿನಲ್ಲಿರುವ ಎಂಪೆಗ್-4 ಎರಡನೆಯ ಭಾಗವೂ ಓಡುತ್ತದೆ. 2006ರಲ್ಲಿ ಬಂದ ಬ್ಲೂ-ರೇಯ ಮಾನದಂಡದಲ್ಲೇ ಎಚ್.264 ಸೇರಿರುವುದರಿಂದ ಬ್ಲೂ-ರೇ ಪ್ಲೇಯರ್‌ಗಳ ಚಿಪ್‌ಗೆ ಅದು ಹೊಸದಲ್ಲ. 2013ರಲ್ಲಿ ಸಿದ್ಧವಾದ ಎಚ್.265, ಅಂದರೆ ಎಚ್‌ಇವಿಸಿ, 2016ರಿಂದ ಬಂದ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಪ್ಲೇಯರ್‌ಗಳ ಕೋಡೆಕ್. ಹಳೆಯ ಬ್ಲೂ-ರೇ ಯಂತ್ರದಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

ಮೊಬೈಲ್‌ನಲ್ಲಿ ತೆಗೆದ ವಿಡಿಯೊ ತೊಂದರೆ ಕೊಡುವುದು ಈ ಕೊನೆಯ ಕಾರಣಕ್ಕೆ. ಐಫೋನ್‌ಗಳಲ್ಲಿ 2017ರ ಐಒಎಸ್ 11ರಿಂದ ಎಚ್‌ಇವಿಸಿಯಲ್ಲಿ ದಾಖಲಿಸುವ ಸೌಲಭ್ಯ ಬಂತು. ಈಗ ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲೂ ಅದಿದೆ. ಐಫೋನ್‌ನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಎಂಬುದನ್ನು ಆರಿಸಿದರೆ ಸಾಮಾನ್ಯ ವಿಡಿಯೊಗಳು ಎಚ್.264ರಲ್ಲೇ ದಾಖಲಾಗುತ್ತವೆ. ಆಮೇಲೆ ಒದ್ದಾಡುವುದಕ್ಕಿಂತ ಚಿತ್ರೀಕರಿಸುವ ಮೊದಲೇ ಈ ಆಯ್ಕೆ ಮಾಡಿಕೊಳ್ಳುವುದು ಜಾಣತನ.

ಪೆನ್‌ಡ್ರೈವ್ ಕಾಣಿಸುವುದೇ ಇಲ್ಲವಾದರೆ

ಫೈಲಿನ ಹೆಸರು ಕಂಡು, ಒತ್ತಿದಾಗ ಓಡದಿದ್ದರೆ ಅದು ಹೆಚ್ಚಾಗಿ ಕೋಡೆಕ್‌ನ ತೊಂದರೆ. ಹೆಸರೇ ಕಾಣದಿದ್ದರೆ ತೊಂದರೆ ಇನ್ನೂ ಮೊದಲೇ ಇದೆ. ಆಗ ನೋಡಬೇಕಾದದ್ದು ಪೆನ್‌ಡ್ರೈವ್‌ನ ಫೈಲ್ ಸಿಸ್ಟಮ್. ಯಾವ ಫೈಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಪೆನ್‌ಡ್ರೈವ್‌ನಲ್ಲಿ ಒಂದು ಕ್ರಮದಲ್ಲಿ ಬರೆದಿಟ್ಟಿರುತ್ತಾರೆ. ಆ ಕ್ರಮ ಗೊತ್ತಿಲ್ಲದ ಯಂತ್ರಕ್ಕೆ ಪೆನ್‌ಡ್ರೈವ್ ಖಾಲಿಯಾಗಿಯೇ ಕಾಣುತ್ತದೆ.

ನಮ್ಮ ಬಳಕೆಯಲ್ಲಿರುವ ಕ್ರಮಗಳು ಮುಖ್ಯವಾಗಿ ಮೂರು. ಫ್ಯಾಟ್32 ವಿಂಡೋಸ್ 95ರ ಕಾಲದ್ದು, 1996ರಲ್ಲಿ ಬಂದದ್ದು. ಯುಎಸ್‌ಬಿ ಇರುವ ಪ್ಲೇಯರ್‌ಗಳೆಲ್ಲ ಇದನ್ನು ಓದುತ್ತವೆ ಎಂದು ನಂಬಬಹುದು. ಎನ್‌ಟಿಎಫ್‌ಎಸ್ ವಿಂಡೋಸ್ ಕಂಪ್ಯೂಟರ್‌ಗಳದ್ದು, ಕೆಲವು ಬ್ಲೂ-ರೇ ಪ್ಲೇಯರ್‌ಗಳು ಮತ್ತು ಟಿವಿಗಳು ಓದುತ್ತವೆ, ಅಗ್ಗದ ಡಿವಿಡಿ ಪ್ಲೇಯರ್‌ಗಳು ಸಾಮಾನ್ಯವಾಗಿ ಓದುವುದಿಲ್ಲ. ಮೈಕ್ರೋಸಾಫ್ಟ್ 2006ರಲ್ಲಿ ತಂದ ಎಕ್ಸ್‌ಫ್ಯಾಟ್ ಈಗಿನ ದೊಡ್ಡ ಪೆನ್‌ಡ್ರೈವ್‌ಗಳಲ್ಲಿ, 32 ಜಿಬಿಗಿಂತ ದೊಡ್ಡ ಮೆಮೊರಿ ಕಾರ್ಡ್‌ಗಳಲ್ಲಿ ಇರುತ್ತದೆ. ಹಳೆಯ ಪ್ಲೇಯರ್‌ಗಳಿಗೆ ಇದು ಅಪರಿಚಿತ.

ಹಾಗಾದರೆ ಸ್ಟುಡಿಯೋದವರು ಎಲ್ಲರಿಗೂ ಫ್ಯಾಟ್32 ಪೆನ್‌ಡ್ರೈವ್ ಕೊಡಬಹುದಲ್ಲ ಎಂದು ಕೇಳಬಹುದು. ಅಲ್ಲೊಂದು ಮಿತಿಯಿದೆ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿಯನ್ನು ಮುಟ್ಟುವಂತಿಲ್ಲ. ಫೈಲಿನ ಅಳತೆಯನ್ನು ಬರೆದಿಡಲು ಅದರಲ್ಲಿ 32 ಬಿಟ್‌ಗಳಷ್ಟೇ ಜಾಗವಿರುವುದರಿಂದ 429,49,67,295 ಬೈಟ್‌ಗಿಂತ ದೊಡ್ಡ ಸಂಖ್ಯೆಯನ್ನು ಬರೆಯಲು ಬರುವುದಿಲ್ಲ. ಸೆಕೆಂಡಿಗೆ 10 ಮೆಗಾಬಿಟ್‌ನಂತೆ ಸಿದ್ಧಪಡಿಸಿದ ಮೂರು ಗಂಟೆಯ ಮದುವೆ ವಿಡಿಯೊ 13.5 ಜಿಬಿ ಆಗುತ್ತದೆ. ಅದನ್ನು ಒಂದೇ ಫೈಲಾಗಿ ಕೊಡಲು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಬೇಕೇ ಬೇಕು. ಸ್ಟುಡಿಯೋದವರ ಕಡೆಯಿಂದ ನೋಡಿದರೆ ಅವರು ಮಾಡಿದ್ದು ಸರಿಯೇ.

ಇಲ್ಲಿ ದಯವಿಟ್ಟು ಒಂದು ಎಚ್ಚರಿಕೆ ಗಮನಿಸಿ. ಪೆನ್‌ಡ್ರೈವ್‌ನ ಫೈಲ್ ಸಿಸ್ಟಮ್ ಬದಲಿಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವುದೆಲ್ಲ ಹೋಗುತ್ತದೆ. ಸ್ಟುಡಿಯೋದವರು ಕೊಟ್ಟ ಪೆನ್‌ಡ್ರೈವ್ ಅನ್ನು ಎಂದಿಗೂ ಫಾರ್ಮ್ಯಾಟ್ ಮಾಡಬೇಡಿ. ಪ್ಲೇಯರ್‌ಗೆಂದು 16 ಅಥವಾ 32 ಜಿಬಿಯ ಬೇರೊಂದು ಪೆನ್‌ಡ್ರೈವ್ ತನ್ನಿ. ಕಂಪ್ಯೂಟರ್‌ನಲ್ಲಿ ಅದರ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿದರೆ ಈಗಿರುವ ಫೈಲ್ ಸಿಸ್ಟಮ್ ಯಾವುದೆಂದು ಕಾಣುತ್ತದೆ. 32 ಜಿಬಿಯವರೆಗಿನ ಪೆನ್‌ಡ್ರೈವ್‌ಗೆ ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿಯಲ್ಲೇ ಫ್ಯಾಟ್32 ಆಯ್ಕೆ ಸಿಗುತ್ತದೆ. ಅದಕ್ಕಿಂತ ದೊಡ್ಡದನ್ನು ಕೊಂಡರೆ ಈ ಆಯ್ಕೆಗಾಗಿ ಬೇರೆ ಸಾಫ್ಟ್‌ವೇರ್ ಹುಡುಕಬೇಕಾಗಬಹುದು. ಆದ್ದರಿಂದ ಈ ಕೆಲಸಕ್ಕೆ ಚಿಕ್ಕದೇ ಒಳ್ಳೆಯದು.

ಪೆನ್‌ಡ್ರೈವ್‌ಗೆ ಬದಲಾಗಿ ಪೋರ್ಟಬಲ್ ಹಾರ್ಡ್ ಡಿಸ್ಕ್ ಜೋಡಿಸುವವರಿಗೆ ಇನ್ನೊಂದು ಅಡ್ಡಿ ಎದುರಾಗುತ್ತದೆ. ಯುಎಸ್‌ಬಿ 2.0 ಕಿಂಡಿಯ ಮಾನದಂಡದಂತೆ ಸಿಗುವುದು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್. ಹಾರ್ಡ್ ಡಿಸ್ಕ್‌ನ ತಟ್ಟೆ ತಿರುಗಲು ಆರಂಭಿಸುವಾಗ ಅದಕ್ಕಿಂತ ಹೆಚ್ಚು ಬೇಕಾಗಬಹುದು. ‘ಟಿಕ್ ಟಿಕ್’ ಸದ್ದು ಮಾಡಿ ನಿಂತುಬಿಟ್ಟರೆ ವಿದ್ಯುತ್ ಸಾಲುತ್ತಿಲ್ಲ ಎಂದು ತಿಳಿಯಿರಿ. ಹಾಗೆಯೇ ಪದೇ ಪದೇ ಪ್ರಯತ್ನಿಸಿದರೆ ಡಿಸ್ಕ್‌ಗೆ ಹಾನಿಯಾಗಬಹುದು.

ಮೊಬೈಲನ್ನೇ ಕೇಬಲ್ ಮೂಲಕ ಪ್ಲೇಯರ್‌ಗೆ ಜೋಡಿಸಿದರೆ ಅದು ಚಾರ್ಜ್ ಆಗುತ್ತದೆಯೇ ಹೊರತು ವಿಡಿಯೊ ಕಾಣುವುದಿಲ್ಲ. ಈಗಿನ ಫೋನ್‌ಗಳು ಪೆನ್‌ಡ್ರೈವ್‌ನಂತೆ ವರ್ತಿಸುವುದನ್ನು ಬಿಟ್ಟು, ಕಂಪ್ಯೂಟರ್‌ಗೆ ಮಾತ್ರ ಅರ್ಥವಾಗುವ ಬೇರೆ ವಿಧಾನದಲ್ಲಿ ಫೈಲು ಕೊಡುತ್ತವೆ.

ಚಿತ್ರವಿದೆ, ವಾಲಗ ಕೇಳಿಸುತ್ತಿಲ್ಲ

ಗಂಗಾಪೂಜೆಯ ದೃಶ್ಯ ಬಂದಿದೆ, ಸೊಸೆಯ ಮುಂದೆ ನೆಂಟರು ಕುಣಿಯುತ್ತಿದ್ದಾರೆ, ಆದರೆ ವಾಲಗದ ಸದ್ದೇ ಇಲ್ಲ. ಇದರರ್ಥ ಚಿತ್ರದ ಕೋಡೆಕ್ ಚಿಪ್‌ಗೆ ಗೊತ್ತು, ಧ್ವನಿಯದು ಗೊತ್ತಿಲ್ಲ. ಡಿವಿಡಿ ಪ್ಲೇಯರ್‌ಗಳಿಗೆ ಎಂಪಿ3 ಮತ್ತು ಡಾಲ್ಬಿ ಡಿಜಿಟಲ್ ಪರಿಚಿತ. ಎಂಪಿ4 ಫೈಲುಗಳಲ್ಲಿ ಸಾಮಾನ್ಯವಾಗಿರುವ ಎಎಸಿ ಧ್ವನಿ ಎಲ್ಲ ಡಿವಿಡಿ ಪ್ಲೇಯರ್‌ಗಳಿಗೂ ಗೊತ್ತಿರುವುದಿಲ್ಲ. ಇಂಥಲ್ಲಿ ಚಿತ್ರವನ್ನು ಮುಟ್ಟದೆ ಧ್ವನಿಯನ್ನು ಮಾತ್ರ ಎಂಪಿ3ಗೆ ಬದಲಿಸಿದರೆ ಸಾಕು. ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಚಿತ್ರದ ಗುಣಮಟ್ಟವೂ ಕುಂದುವುದಿಲ್ಲ.

ಕೆಲವೊಮ್ಮೆ ಚಿತ್ರ ಓಡುತ್ತಾ ಓಡುತ್ತಾ ತಡೆದು ನಿಲ್ಲುತ್ತದೆ. ಸೆಕೆಂಡಿಗೆ ಹರಿಯುವ ಮಾಹಿತಿಯ ಪ್ರಮಾಣ, ಅಂದರೆ ಬಿಟ್‌ರೇಟ್, ಯಂತ್ರದ ಶಕ್ತಿಗೆ ಮೀರಿದಾಗ ಹೀಗಾಗುತ್ತದೆ. ಮಂಟಪದ ದೃಶ್ಯ ಸಲೀಸಾಗಿ ಓಡಿ, ಅಬ್ಬಿ ಜಲಪಾತದ ಮುಂದೆ ತೆಗೆದ ದೃಶ್ಯ ಬಂದಾಗ ಮಾತ್ರ ತಡವರಿಸುವುದನ್ನು ಕಾಣಬಹುದು. ಮೊದಲೇ ಹೇಳಿದಂತೆ ಕೋಡೆಕ್ ಬರೆಯುವುದು ಬದಲಾವಣೆಯನ್ನು. ಧುಮ್ಮಿಕ್ಕುವ ನೀರು, ಸುರಿಯುವ ಮಳೆ, ಗಾಳಿಗೆ ಅಲುಗಾಡುವ ಎಲೆಗಳು ಇರುವಲ್ಲಿ ಪ್ರತಿ ಚೌಕಟ್ಟಿನಲ್ಲೂ ಹೆಚ್ಚುಕಡಿಮೆ ಎಲ್ಲ ಚುಕ್ಕೆಗಳೂ ಬದಲಾಗುತ್ತವೆ. ಅಂಥ ಕಡೆ ಮಾಹಿತಿ ಉಕ್ಕಿಬರುತ್ತದೆ. ಕೊಡಗಿನ ಹೊರಾಂಗಣ ಚಿತ್ರೀಕರಣದಲ್ಲಿ ಇವು ಮೂರೂ ಧಾರಾಳ.

ಚಿತ್ರದ ಅಳತೆಯೂ ಲೆಕ್ಕಕ್ಕೆ ಬರುತ್ತದೆ. ಫುಲ್ ಎಚ್‌ಡಿ ಚೌಕಟ್ಟಿನಲ್ಲಿ 20,73,600 ಚುಕ್ಕೆಗಳು, ಡಿವಿಡಿಯ ಐದು ಪಟ್ಟು. 4ಕೆಯಲ್ಲಿ 82,94,400, ಡಿವಿಡಿಯ ಇಪ್ಪತ್ತು ಪಟ್ಟು. ಡಿವಿಡಿಗೆಂದೇ ಮಾಡಿದ ಚಿಪ್‌ನ ಎದುರು 4ಕೆ ಫೈಲು ಇಟ್ಟರೆ ‘ರೆಸಲ್ಯೂಶನ್’ ಎಂಬ ಪದವಿರುವ ದೋಷಸಂದೇಶ ಬರುವುದು ಸಹಜ.

ಫೈಲಿನ ಹೆಸರನ್ನು ಕನ್ನಡದಲ್ಲಿ ಬರೆದಿದ್ದರೆ ಪರದೆಯ ಮೇಲೆ ಬರಿಯ ಚೌಕಗಳು ಕಾಣಬಹುದು. ಪ್ಲೇಯರ್‌ನಲ್ಲಿ ಕನ್ನಡ ಅಕ್ಷರಗಳಿಲ್ಲದಿರುವುದೇ ಕಾರಣ. ವಿಡಿಯೊಗೆ ಏನೂ ಆಗಿರುವುದಿಲ್ಲ. ಹೆಸರನ್ನು ಚಿಕ್ಕದಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮುಂದೆ 01, 02 ಎಂದು ಸಂಖ್ಯೆ ಹಾಕಿದರೆ ಹಿರಿಯರಿಗೂ ಕ್ರಮವಾಗಿ ನೋಡಲು ಅನುಕೂಲ.

ಒಳಗೇನಿದೆ ಎಂದು ತಿಳಿಯುವುದು ಹೇಗೆ

ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ವಿಡಿಯೊ ತೆರೆಯಿರಿ. ಮೇಲಿನ ‘ಟೂಲ್ಸ್’ ಪಟ್ಟಿಯಲ್ಲಿ ‘ಕೋಡೆಕ್ ಇನ್‌ಫರ್ಮೇಷನ್’ ಒತ್ತಿದರೆ ಚಿತ್ರದ ಕೋಡೆಕ್, ಅಳತೆ, ಸೆಕೆಂಡಿನ ಚೌಕಟ್ಟುಗಳು, ಧ್ವನಿಯ ಕೋಡೆಕ್ ಎಲ್ಲವೂ ಕಾಣುತ್ತವೆ. ಇದನ್ನು ಪ್ಲೇಯರ್‌ನ ಕೈಪಿಡಿಯ ಕೊನೆಯ ಪುಟಗಳಲ್ಲಿರುವ ಪಟ್ಟಿಯೊಂದಿಗೆ ಹೋಲಿಸಿ ನೋಡಿ. ಕೈಪಿಡಿ ಕಳೆದುಹೋಗಿದ್ದರೆ ಯಂತ್ರದ ಹಿಂಭಾಗದಲ್ಲಿರುವ ಮಾದರಿ ಸಂಖ್ಯೆಯನ್ನು ಅಂತರಜಾಲದಲ್ಲಿ ಹುಡುಕಿದರೆ ಬಹಳ ಸಲ ಸಿಗುತ್ತದೆ.

ಇಷ್ಟು ಮಾಡುವ ಮೊದಲು ಇನ್ನೊಂದು ಸುಲಭದ ದಾರಿ ನೋಡಿ. ಮನೆಯಲ್ಲಿರುವುದು ಚಪ್ಪಟೆ ಟಿವಿಯಾದರೆ ಅದರ ಬದಿಯಲ್ಲೋ ಹಿಂದೆಯೋ ಯುಎಸ್‌ಬಿ ಕಿಂಡಿ ಇರಬಹುದು. ಡಿವಿಡಿ ಪ್ಲೇಯರ್‌ಗಿಂತ ಹೊಸದಾದ ಟಿವಿಯ ಚಿಪ್ ಎಚ್.264 ಬಿಡಿಸಬಲ್ಲದು ಎಂಬ ಸಾಧ್ಯತೆ ಹೆಚ್ಚು. ಪೆನ್‌ಡ್ರೈವ್ ಅಲ್ಲೇ ಓಡಿದರೆ ಮುಂದಿನ ಶ್ರಮವೇ ಬೇಡ. ಹಳದಿ, ಕೆಂಪು, ಬಿಳಿ ವೈರುಗಳಿಂದ ಪ್ಲೇಯರ್‌ಗೆ ಜೋಡಿಸಿದ ಹಳೆಯ ಡಬ್ಬಿ ಟಿವಿಯಾದರೆ ವಿಡಿಯೊವನ್ನು ಪರಿವರ್ತಿಸಬೇಕು.

ಪ್ಲೇಯರ್‌ಗೆ ತಕ್ಕಂತೆ ಪರಿವರ್ತಿಸುವುದು

ಪರಿವರ್ತನೆ ಎಂದರೆ ಒಂದು ಕೋಡೆಕ್‌ನಿಂದ ಬಿಡಿಸಿ ಇನ್ನೊಂದರಲ್ಲಿ ಮತ್ತೆ ಕುಗ್ಗಿಸುವುದು. ಪ್ರತಿ ಸಲ ಕುಗ್ಗಿಸಿದಾಗಲೂ ಸ್ವಲ್ಪ ವಿವರ ಕಳೆದುಹೋಗುತ್ತದೆ, ಕಳೆದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಮೂಲ ಫೈಲನ್ನು ಅಳಿಸಬಾರದು, ಪರಿವರ್ತಿಸಿದ್ದನ್ನು ಪ್ಲೇಯರ್‌ಗೆ ಮಾತ್ರ ಬಳಸಬೇಕು.

ಬ್ಲೂ-ರೇ ಪ್ಲೇಯರ್ ಇದ್ದರೆ ಕೆಲಸ ಹಗುರ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಎಚ್.264 ಆರಿಸಿ, ಅಳತೆಯನ್ನು 1920 ಅಡ್ಡ, 1080 ಉದ್ದಕ್ಕೆ ಮಿತಿಗೊಳಿಸಿ, ಲೆವೆಲ್ 4.0 ಎಂದಿಟ್ಟು, ಚೌಕಟ್ಟುಗಳನ್ನು ಸೆಕೆಂಡಿಗೆ 30ಕ್ಕೆ ಮೀರದಂತೆ ಮಾಡಿದರೆ ಹೆಚ್ಚಿನ ಯಂತ್ರಗಳು ಒಪ್ಪುತ್ತವೆ. ಮೊಬೈಲ್ ವಿಡಿಯೊಗಳಲ್ಲಿ ಚೌಕಟ್ಟುಗಳ ವೇಗ ಒಂದೇ ಸಮನಾಗಿರುವುದಿಲ್ಲ, ಬೆಳಕು ಕಡಿಮೆಯಾದಾಗ ಇಳಿಯುತ್ತದೆ. ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುವುದು ಇದರಿಂದ. ಅಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಎಂಬುದನ್ನು ಆರಿಸಬೇಕು.

ಡಿವ್‌ಎಕ್ಸ್ ಗುರುತಿನ ಡಿವಿಡಿ ಪ್ಲೇಯರ್‌ಗೆ ಎವಿಐ ಫೈಲು ಬೇಕು. ಹ್ಯಾಂಡ್‌ಬ್ರೇಕ್ ಈಗ ಎವಿಐ ತಯಾರಿಸುವುದಿಲ್ಲ. ಎವಿಡೆಮಕ್ಸ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್ ತಯಾರಿಸುತ್ತದೆ. ಅದರಲ್ಲಿ ಚಿತ್ರಕ್ಕೆ ಎಕ್ಸ್‌ವಿಡ್, ಧ್ವನಿಗೆ ಎಂಪಿ3, ಕಟ್ಟಿಗೆ ಎವಿಐ ಆರಿಸಿ. ಈಗಿನ ಅಗಲ ಪರದೆಯ ವಿಡಿಯೊಗೆ ಅಳತೆ 720 ಅಡ್ಡ, 400 ಉದ್ದ. ಎರಡೂ ಸಂಖ್ಯೆಗಳು 16ರಿಂದ ಭಾಗವಾಗಬೇಕು, ಏಕೆಂದರೆ ಈ ಕೋಡೆಕ್ ಚಿತ್ರವನ್ನು 16 ಚುಕ್ಕೆಗಳ ಚೌಕಗಳಾಗಿ ವಿಂಗಡಿಸಿ ಕೆಲಸ ಮಾಡುತ್ತದೆ. ಚಿತ್ರದ ಬಿಟ್‌ರೇಟ್ ಸೆಕೆಂಡಿಗೆ 2000 ಕಿಲೋಬಿಟ್, ಧ್ವನಿಯದು 192 ಇದ್ದರೆ ಹಳೆಯ ಟಿವಿಗೆ ಧಾರಾಳವಾಯಿತು. ಈ ಲೆಕ್ಕದಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಮೂರು ಗಂಟೆಯ ಇಡೀ ಮದುವೆ 3 ಜಿಬಿಯಲ್ಲಿ, ಫ್ಯಾಟ್32ರ ಮಿತಿಯೊಳಗೆ, ಒಂದೇ ಫೈಲಾಗಿ ಕೂರುತ್ತದೆ. ‘ಕ್ಯೂಪೆಲ್’, ‘ಜಿಎಂಸಿ’ ಎಂಬ ಎರಡು ಆಯ್ಕೆಗಳು ಕಂಡರೆ ಎರಡನ್ನೂ ಬಳಸಬೇಡಿ. ಚಿತ್ರವನ್ನು ಇನ್ನಷ್ಟು ಕುಗ್ಗಿಸುವ ಈ ತಂತ್ರಗಳನ್ನು ಅನೇಕ ಪ್ಲೇಯರ್‌ಗಳ ಚಿಪ್‌ಗಳು ಬಿಡಿಸಲಾರವು.

ಇಡೀ ವಿಡಿಯೊವನ್ನು ಒಮ್ಮೆಲೇ ಪರಿವರ್ತಿಸಲು ಹೋಗಬೇಡಿ. ಮಳೆಗಾಲದಲ್ಲಿ ಮಧ್ಯೆ ಕರೆಂಟ್ ಹೋದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಮೊದಲು ಎರಡು ನಿಮಿಷದ ತುಣುಕನ್ನು ಮಾತ್ರ ಪರಿವರ್ತಿಸಿ ಪ್ಲೇಯರ್‌ನಲ್ಲಿ ಹಾಕಿ ನೋಡಿ. ಅಬ್ಬಿಯಂಥ ದೃಶ್ಯವಿದ್ದರೆ ಆ ತುಣುಕನ್ನೇ ಆರಿಸಿಕೊಳ್ಳಿ. ಅದು ತಡವರಿಸದೆ ಓಡಿದರೆ ಉಳಿದದ್ದರ ಚಿಂತೆಯಿಲ್ಲ.

ಸ್ಟುಡಿಯೋದವರಲ್ಲಿ ಕೇಳಬೇಕಾದದ್ದು

ಕಂಪ್ಯೂಟರ್ ಬಳಸದ ಮನೆಗಳಿಗೆ ಮೇಲಿನದು ದೂರದ ಮಾತು. ಅಂಥವರು ಮುಂಗಡ ಕೊಡುವಾಗಲೇ ಎರಡು ಪ್ರತಿ ಬೇಕೆಂದು ಹೇಳಿಡುವುದು ಉತ್ತಮ. ಒಂದು, ಅವರು ಸಿದ್ಧಪಡಿಸಿದ ಪೂರ್ಣ ಗುಣಮಟ್ಟದ ಮೂಲ. ಇನ್ನೊಂದು, ‘ಡಿವಿಡಿ ಪ್ಲೇಯರ್‌ನ ಯುಎಸ್‌ಬಿಯಲ್ಲಿ ನೋಡಲು ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ಎವಿಐ’. ಈ ಒಂದು ವಾಕ್ಯ ಹೇಳಿದರೆ ಸಂಕಲನಕಾರರಿಗೆ ವಿಷಯ ಅರ್ಥವಾಗುತ್ತದೆ. ಪ್ಲೇಯರ್‌ನ ಮಾದರಿ ಸಂಖ್ಯೆಯ ಫೋಟೊ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಸಂಕಲನದ ಫೈಲುಗಳು ಅವರ ಕಂಪ್ಯೂಟರ್‌ನಲ್ಲಿ ಇರುವಾಗ ಇನ್ನೊಂದು ಪ್ರತಿ ತೆಗೆಯುವುದು ಕಷ್ಟವಲ್ಲ. ಒಂದೆರಡು ವರ್ಷ ಕಳೆದ ಮೇಲೆ ಆ ಫೈಲುಗಳು ಅಲ್ಲಿ ಉಳಿದಿರುತ್ತವೆ ಎಂಬ ಭರವಸೆ ಇಲ್ಲ.

ಮನೆಯಲ್ಲಿರುವ ಹಳೆಯ ಡಿಸ್ಕ್‌ಗಳು

ಯುಎಸ್‌ಬಿ ಕಿಂಡಿ ಹಳೆಯ ಮದುವೆಗಳಿಗೂ ಉಪಯೋಗಕ್ಕೆ ಬರುತ್ತದೆ. ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲಮನೆಗಳ) ಕಪಾಟಿನಲ್ಲಿರುವ ಡಿವಿಡಿಗಳಿಗೆ ಪ್ರತಿ ಮಳೆಗಾಲವೂ ಒಂದು ಕಂಟಕ. ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕ್‌ಗಳಲ್ಲಿ ಮಾಹಿತಿ ಉಳಿದಿರುವುದು ಒಂದು ಬಣ್ಣದ ಪದರದಲ್ಲಿ. ಅದು ಬೆಳಕಿಗೂ ತೇವಕ್ಕೂ ಕ್ರಮೇಣ ಮಾಸುತ್ತದೆ. ಡಿಸ್ಕ್ ಓದುವ ಕಂಪ್ಯೂಟರ್ ಯಾರ ಬಳಿಯಾದರೂ ಇದ್ದರೆ ಡಿಸ್ಕ್ ತೆರೆದು ‘ವಿಡಿಯೊ_ಟಿಎಸ್’ ಎಂಬ ಫೋಲ್ಡರ್ ಅನ್ನು ಹಾಗೆಯೇ ನಕಲು ಮಾಡಿಕೊಳ್ಳಿ. ಅದರೊಳಗಿನ ವಿಒಬಿ ಫೈಲುಗಳಲ್ಲಿ ಇರುವುದು ಎಂಪೆಗ್-2. ಒಂದೊಂದೂ 1 ಜಿಬಿಗೆ ಮೀರದಂತೆ ತುಂಡಾಗಿರುವುದರಿಂದ ಫ್ಯಾಟ್32 ಪೆನ್‌ಡ್ರೈವ್‌ಗೆ ನೇರವಾಗಿ ಹಾಕಬಹುದು, ಪರಿವರ್ತಿಸಬೇಕಾಗಿಲ್ಲ. ಅನೇಕ ಪ್ಲೇಯರ್‌ಗಳು ವಿಒಬಿಯನ್ನು ಯುಎಸ್‌ಬಿಯಿಂದ ಓದುತ್ತವೆ. ಓದದಿದ್ದರೆ ಹೆಸರಿನ ಕೊನೆಯನ್ನು ಎಂಪಿಜಿ ಎಂದು ಬದಲಿಸಿ ನೋಡಿ. ಒಳಗಿನದು ಮೊದಲೇ ಪರಿಚಿತವಾದ್ದರಿಂದ ಇಲ್ಲಿ ಮಾತ್ರ ಹೆಸರು ಬದಲಿಸುವುದು ಕೆಲವೊಮ್ಮೆ ಫಲ ಕೊಡುತ್ತದೆ. ಅಂಗಡಿಯಲ್ಲಿ ಕೊಂಡ ಚಲನಚಿತ್ರದ ಡಿವಿಡಿಗಳಿಗೆ ಇದು ಅನ್ವಯಿಸುವುದಿಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಗೂಢಲಿಪಿಯ ರಕ್ಷಣೆಯಿದ್ದು, ನಕಲು ಮಾಡಿದ ಫೈಲು ಓಡುವುದಿಲ್ಲ.

ಬೂಷ್ಟು ಹಿಡಿದ ಡಿಸ್ಕನ್ನು ಓದಿಸುವ ಮೊದಲು ಶುದ್ಧ ನೀರಿನಲ್ಲಿ ನೆನೆಸಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತು ಹಾಕಿ ಒರೆಸಿದರೆ ಬೀಳುವ ಗೀರು ಮಾಹಿತಿಯ ಸಾಲಿನ ಉದ್ದಕ್ಕೂ ಬಿದ್ದು ಯಂತ್ರಕ್ಕೆ ಸರಿಪಡಿಸಿಕೊಳ್ಳಲು ಆಗುವುದಿಲ್ಲ. ಅಡ್ಡ ಗೀರನ್ನು ಅದು ಬಹುಮಟ್ಟಿಗೆ ದಾಟಿಹೋಗುತ್ತದೆ. ಪೂರ್ತಿ ಒಣಗಿದ ಮೇಲೆ ಹಾಕಿ. ನಕಲು ಮುಗಿದ ಬಳಿಕ ಒಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿರಲಿ, ಇನ್ನೊಂದು ಬೇರೆ ಮನೆಯಲ್ಲಿರುವ ನೆಂಟರ ಬಳಿ ಇರಲಿ. ಪೆನ್‌ಡ್ರೈವ್ ನೋಡುವುದಕ್ಕೆ ಸರಿ, ವರ್ಷಗಟ್ಟಲೆ ಕಾಪಾಡುವುದಕ್ಕೆ ಅದೊಂದನ್ನೇ ನಂಬಬೇಡಿ.